ಜಬೊಟಿಕಾಬಾ ಮತ್ತು ಒಗೆಯುವ ಕಲ್ಲು

ಕಾಯುವುದು ಒಂದು ವಿದ್ಯೆ ಅನ್ನುತ್ತಾರೆ. ಇರಬಹುದು. ನನ್ನ ತಲೆಗೆ ಮಾತ್ರ ಅದು ಹತ್ತಲಿಲ್ಲ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಅದನ್ನು ಅದರ ಪಾಡಿಗೆ ಬಿಡಬೇಕು ಎಂಬುದು ಲೋಕಕ್ಕೆಲ್ಲ ಗೊತ್ತು. ನಾನು ಹೋಗಿ ಮುಚ್ಚಳ ತೆಗೆದು, ಪಾತ್ರೆ ಓರೆ ಮಾಡಿ, ಗಟ್ಟಿಯಾಯಿತೇ ಎಂದು ಅಲುಗಾಡಿಸಿ ನೋಡಿ, ಮೊಸರಾಗಲು ಹೊರಟಿದ್ದನ್ನು ಮತ್ತೆ ಹಾಲಿನ ಕಡೆಗೇ ತಿರುಗಿಸಿ ಬರುತ್ತೇನೆ. ಮಂಡಿಗೆ ಗಾಯವಾದರೆ ಹಕ್ಕಳೆ ಒಣಗುವ ಮೊದಲೇ ಕಿತ್ತು ನೋಡುತ್ತೇನೆ. ಹಸಿ ಬಣ್ಣದ ಪಕ್ಕ "ಮುಟ್ಟಬೇಡಿ" ಎಂದು ಬರೆದಿದ್ದರೆ ಅದು ನನ್ನನ್ನು ಕೈಬೀಸಿ ಕರೆಯಲೆಂದೇ ಬರೆದದ್ದು. ನಮ್ಮ ಮನೆಯ ಬಾಗಿಲ ಚೌಕಟ್ಟಿನ ಮೇಲೆ ನನ್ನ ಹೆಬ್ಬೆರಳಿನ ಗುರುತು ಇವತ್ತಿಗೂ ಇದೆ. ಗೃಹಪ್ರವೇಶಕ್ಕೆ ಬಂದವರೆಲ್ಲ ಅದನ್ನು ನೋಡಿ, ನನ್ನ ಮುಖ ನೋಡಿ, ಸುಮ್ಮನೆ ಊಟಕ್ಕೆ ಹೋಗಿ ಕೂತರು. ನನ್ನ ಹೆಂಡತಿ ಸಾವಿತ್ರಿ ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳುತ್ತಾಳೆ: "ನಿಮ್ಮ ತಲೆ ಪರವಾಗಿಲ್ಲ ಕಣ್ರೀ, ಕೈಯೇ ಸರಿ ಇಲ್ಲ."

ಇದು ಹುಟ್ಟುಗುಣ. ತೋವಿನಕೆರೆಯ ನಮ್ಮ ಹೊಲದಲ್ಲಿ ಕಡಲೆಕಾಯಿ ಬಿತ್ತಿದ ವರ್ಷ, ನೆಲದೊಳಗೆ ಕಾಯಿ ಕಟ್ಟಿದೆಯೋ ಇಲ್ಲವೋ ಎಂಬ ಚಿಂತೆ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ನನಗೊಬ್ಬನಿಗಿತ್ತು. ಶಾಲೆಗೆ ಹೋಗುವಾಗ ಒಂದು ಗಿಡ ಕಿತ್ತು ನೋಡುವುದು, ಇನ್ನೂ ಹಾಲುಗಾಯಿ ಎಂದು ತಿಳಿದು ಮತ್ತೆ ಹುಗಿದು, ಮೇಲಿಷ್ಟು ಮಣ್ಣು ತಟ್ಟಿ ಹೋಗುವುದು. ಬರುವಾಗ ಪಕ್ಕದ್ದು. ಒಂದು ಸಾಲು ಪೂರ್ತಿ ಒಣಗಿ ನಿಂತಾಗ ಅಜ್ಜಿ ನನ್ನ ಕಿವಿ ಹಿಡಿದು, "ಭೂಮ್ತಾಯಿ ಹೊಟ್ಟೆ ಬಗ್ದು ನೋಡ್ತೀಯೇನ್ಲಾ? ನೀನು ಒಂಬತ್ತು ತಿಂಗ್ಳು ಒಳಗೆ ಹೆಂಗಿದ್ದೆಯೋ ನಾ ಕಾಣೆ" ಅಂದಿದ್ದಳು. ಒಂಬತ್ತು ತಿಂಗಳು ನಾನಿರಲಿಲ್ಲ. ಅವಸರ ಮಾಡಿಕೊಂಡು ಎಂಟಕ್ಕೇ ಬಂದೆ ಎಂದು ಅಮ್ಮ ಆಮೇಲೆ ಹೇಳಿದಳು.

ಇಂಥವನಿಗೆ ಸಿಕ್ಕ ಕೆಲಸ ನೋಡಿ, ಮಧುಗಿರಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಒಂದು ಕಿಂಡಿ, ಕಿಂಡಿಯ ಹಿಂದೆ ಒಂದು ಕುರ್ಚಿ, ಕೆಮ್ಮಿದರೂ ಊರಿಗೆಲ್ಲ ಕೇಳುವ ಒಂದು ಮೈಕು. ಕಿಂಡಿಯ ಆಚೆ ದಿನವಿಡೀ ಒಂದೇ ಪ್ರಶ್ನೆ: ಬಸ್ಸು ಯಾವಾಗ? ಕೊರಟಗೆರೆ ಕಡೆಯವರು ಗಡಿಯಾರ ತೋರಿಸಿ ಕೇಳುತ್ತಾರೆ. ಪಾವಗಡದ ಕಡೆಯ ಅಜ್ಜಿಯರು ಕಿಂಡಿಯೊಳಗೆ ಅರ್ಧ ಮುಖ ತೂರಿಸಿ, ಅರ್ಧ ತೆಲುಗಿನಲ್ಲಿ, "ಏಂ ಸಾಮಿ, ಬಸ್ಸು ವಸ್ತುಂದಾ, ಇಲ್ಲ ನಡ್ಕೊಂಡೇ ಹೋಗ್ಲಾ?" ಅನ್ನುತ್ತಾರೆ. ಎಲ್ಲರಿಗೂ ನನ್ನದು ಒಂದೇ ಉತ್ತರ: "ಬರುತ್ತೆ, ಕೂತ್ಕೊಳ್ಳಿ." ಎಷ್ಟು ಗಂಭೀರವಾಗಿ ಹೇಳುತ್ತೇನೆಂದರೆ ಜನ ನಿಜವಾಗಿಯೂ ಹೋಗಿ ಕೂರುತ್ತಾರೆ. ಒಳಗೆ ನನ್ನ ಕಾಲು ಮಾತ್ರ ಮೇಜಿನ ಕೆಳಗೆ ತಾಳ ಹಾಕುತ್ತಿರುತ್ತದೆ.

ಈ ಗುಣದವನ ಹಿತ್ತಲಿಗೆ ಜಬೊಟಿಕಾಬಾ ಎಂಬ ಪರದೇಶದ ಹಣ್ಣಿನ ಗಿಡ ಬಂದದ್ದು ಖಲೀಲ್ ಸಾಹೇಬರಿಂದ. ಅವರು ಶಿರಾದವರು, ನಮ್ಮ ದಾರಿಯ ಬಸ್ಸಿನ ಡ್ರೈವರ್. ಒಂದು ಬೆಳಿಗ್ಗೆ ಕಿಂಡಿಯಲ್ಲಿ ಒಂದು ಟಿಫನ್ ಡಬ್ಬಿ ಇಟ್ಟು, "ಚಾಚಾ ತೋಟದ್ದು, ತಿಂದು ನೋಡಿ ಸಾಹೇಬ್ರೆ" ಅಂದರು. ತೆಗೆದರೆ ಕಪ್ಪಗೆ, ದುಂಡಗೆ, ಗೋಲಿಯಂತೆ ಹೊಳೆಯುವ ಹಣ್ಣು. ದ್ರಾಕ್ಷಿ ಅಂದುಕೊಂಡು ಬಾಯಿಗೆ ಹಾಕಿದೆ. ಸಿಪ್ಪೆ ಟಪ್ಪೆಂದು ಒಡೆದು ಒಳಗಿನ ಬಿಳಿ ತಿರುಳು ಜಾರಿ ಗಂಟಲಿಗೇ ಹೋಯಿತು. ನೇರಳೆಯ ಒಗರು ಸಿಪ್ಪೆಯಲ್ಲಿ, ಸಕ್ಕರೆ ಒಳಗೆ. "ಇದು ಬಳ್ಳೀಲಿ ಬಿಡೋದಲ್ಲ. ಮರದ ಬೊಡ್ಡೇಗೇ ಮೆತ್ಕೊಂಡು ಬಿಡ್ತದೆ. ಕಿತ್ತ ದಿನಾನೇ ತಿನ್ಬೇಕು, ನಾಳೆಗೆ ಅಂತ ಇಟ್ರೆ ಹೆಂಡದ ವಾಸನೆ" ಅಂದರು ಖಲೀಲ್ ಸಾಹೇಬರು. ಆ ಮಾತು ನನ್ನ ಮನಸ್ಸಿಗೆ ನಾಟಿತು. ಒಂದು ದಿನವೂ ಕಾಯಲಾರದ ಹಣ್ಣು! ಭೂಮಿಯ ಮೇಲೆ ನನಗೆಂದೇ ಹುಟ್ಟಿದ್ದು ಇದು ಅನ್ನಿಸಿತು. ಹಣ್ಣಿಗೆ ಅವಸರವಾದರೂ ಮರಕ್ಕೆ ಇಲ್ಲ ಎಂಬ ಇನ್ನೊಂದು ಸಂಗತಿಯನ್ನು ಅವರು ಸಸಿ ತಂದುಕೊಟ್ಟ ದಿನ ಹೇಳಿದರು. "ಐದು ವರ್ಷ ಆಗ್ಬೋದು, ಆರು ಆಗ್ಬೋದು. ಸಬರ್ ಮಾಡ್ಬೇಕು ಸಾಹೇಬ್ರೆ. ಸಬರ್ ಕಾ ಫಲ್ ಮೀಠಾ." ತಾಳ್ಮೆಯ ಹಣ್ಣು ಸಿಹಿ. ಅಷ್ಟರಲ್ಲಿ ಸಸಿ ನನ್ನ ಕೈಯಲ್ಲಿತ್ತು, ನಾನು ಆಗಲೇ ಅದರ ಬೇರು ಬಂದಿದೆಯೇ ಎಂದು ಪ್ಲಾಸ್ಟಿಕ್ ಚೀಲ ಬಿಚ್ಚುತ್ತಿದ್ದೆ.

ಇನ್ನು ಜಾಗದ ಮಾತು. ನಮ್ಮ ಹಿತ್ತಲೆಂದರೆ ಒಂದು ಹಾಸುಗಂಬಳಿಯಷ್ಟು. ಅದರಲ್ಲಿ ತುಳಸಿಕಟ್ಟೆಗೆ ಒಂದು ಪಾಲು, ನೀರಿನ ಡ್ರಮ್ಮಿಗೆ ಒಂದು ಪಾಲು, ಒಂದು ಬಾಳೆ ಬುಡ. ಉಳಿದ ಒಳ್ಳೆಯ ಜಾಗ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ, ಸಾವಿತ್ರಿಯ ಬಟ್ಟೆ ಒಗೆಯುವ ಕಲ್ಲಿನದು. ಸಾಮಾನ್ಯ ಕಲ್ಲಲ್ಲ ಅದು. ಅವಳ ತವರು ಐ.ಡಿ.ಹಳ್ಳಿಯಿಂದ, ಅವರಪ್ಪ ಮಗಳ ಸೊಂಟ ಬಗ್ಗಬಾರದೆಂದು ಎತ್ತರ ನೋಡಿ ಕೆತ್ತಿಸಿ, ಟ್ರ್ಯಾಕ್ಟರಿನಲ್ಲಿ ಹೇರಿ ಕಳಿಸಿದ ಕಲ್ಲು. ನಮ್ಮ ಮನೆಯಲ್ಲಿ ವಾಷಿಂಗ್ ಮೆಷಿನ್ ಇದೆ. ಅದನ್ನು ಅವಳು ಮೈಲಿಗೆಯೆಂಬಂತೆ ದೂರವಿಟ್ಟಿದ್ದಾಳೆ. "ಅದು ಒಗೆಯಲ್ಲ, ಕಲಸುತ್ತೆ" ಅನ್ನುವುದು ಅವಳ ತೀರ್ಪು. ಅಂಥ ಕಲ್ಲನ್ನು, ಅವಳು ಪಾವಗಡದ ಕಡೆ ಅಕ್ಕನ ಮನೆಗೆ ಹೋಗಿದ್ದಾಗ, ಬಸ್ ನಿಲ್ದಾಣದ ಹಮಾಲಿಗಳನ್ನು ಕರೆತಂದು ಎತ್ತಿಸಿ ಹಿಂದಿನ ಕಾಂಪೌಂಡ್ ಗೋಡೆಗೆ ಒರಗಿಸಿ, ಅದರ ಜಾಗದಲ್ಲಿ, ಒರಗಿಸಿದ ಕಲ್ಲಿಗೆ ಗೇಣು ದೂರದಲ್ಲಿ, ಸಸಿ ನೆಟ್ಟೆ. ವಾಪಸು ಬಂದವಳು ಮೊದಲು ಕಲ್ಲನ್ನು ನೋಡಿದಳು, ಆಮೇಲೆ ಗೇಣುದ್ದದ ಗಿಡವನ್ನು ನೋಡಿದಳು, ಕೊನೆಗೆ ನನ್ನನ್ನು. "ಎಷ್ಟು ದಿನದಲ್ಲಿ ಹಣ್ಣು?" ಅಂದಳು. "ಬರುತ್ತೆ" ಅಂದೆ. "ಕೂತ್ಕೊಳ್ಳಿ ಅಂತ ಮಾತ್ರ ಹೇಳ್ಬೇಡಿ, ಸರಿಯಾಗಿರಲ್ಲ" ಅಂದಳು.

ಆವತ್ತಿನಿಂದ ಅವಳು ಬಚ್ಚಲಲ್ಲಿ ಬಗ್ಗಿ ಕೂತು ಒಗೆಯತೊಡಗಿದಳು. ಒಗೆದು ಏಳುವಾಗ ಸೊಂಟ ಹಿಡಿದುಕೊಂಡು "ಅಮ್ಮಾ" ಅನ್ನುವುದು ಹಾಲ್‌ನಲ್ಲಿ ಪೇಪರು ಓದುತ್ತಿದ್ದ ನನಗೆ ಕೇಳುವಷ್ಟು ಜೋರಾಗಿಯೇ ಇರುತ್ತಿತ್ತು. ನನಗೆ ಪಾಪ ಅನ್ನಿಸುತ್ತಿತ್ತು, ಆದರೆ ಗಿಡ ಅದಕ್ಕಿಂತ ಹೆಚ್ಚು ಪಾಪದ್ದಾಗಿತ್ತು. ನಮ್ಮ ಬೋರಿನ ನೀರು ನಿಮಗೆ ಗೊತ್ತಿಲ್ಲ. ನಲ್ಲಿಯ ಬಾಯಲ್ಲಿ ಸುಣ್ಣ ಕಟ್ಟುತ್ತದೆ, ಬೇಳೆ ಬೇಯುವುದಿಲ್ಲ, ತಲೆಗೆ ಹಾಕಿಕೊಂಡರೆ ಕೂದಲು ಕತ್ತಾಳೆ ನಾರು. ಅದನ್ನು ಕುಡಿದು ಗಿಡದ ಎಲೆಯ ತುದಿಗಳು ಸುಟ್ಟವು. ಅದಕ್ಕೆ ಮೆದು ನೀರು ಬೇಕು, ಮಣ್ಣಿಗೆ ಕೊಂಚ ಹುಳಿ ಬೇಕು ಎಂದು ಖಲೀಲ್ ಸಾಹೇಬರ ಚಾಚಾ ಹೇಳಿಕಳಿಸಿದರು. ಸರಿ, ಕುಡಿಯಲು ತಂದ ಫಿಲ್ಟರ್ ನೀರಿನ ಕ್ಯಾನು ಹಿತ್ತಲಿಗೆ ಹೋಗತೊಡಗಿತು. "ನೆಂಟರಿಗೆ ಬೋರಿನ ನೀರು, ಗಿಡಕ್ಕೆ ಫಿಲ್ಟರ್ ನೀರು. ಒಳ್ಳೆ ಸಂಸಾರ" ಎಂದಳು ಸಾವಿತ್ರಿ. ಹುಳಿ ಎಂದರೆ ನಮಗೆ ಹೊಳೆಯುವುದು ಇನ್ನೇನು, ಹುಣಸೆ. ಡಬ್ಬಿಯ ಹುಣಸೆಹಣ್ಣನ್ನು ಕಿವುಚಿ ಕಿವುಚಿ ಬುಡಕ್ಕೆ ಸುರಿದೆ. ಇರುವೆ ಬಂದವು, ಗಿಡ ಬೆಳೆಯಲಿಲ್ಲ. ಸಾರಿಗೆ ಹುಣಸೆ ಇಲ್ಲದೆ ಮನೆಯಲ್ಲಿ ಟೊಮೇಟೊ ಸಾರೇ ಗತಿಯಾಯಿತು. ಚಾಚಾ ವಿಷಯ ತಿಳಿದು ನಕ್ಕು ನಕ್ಕು, ಕೊಳೆತ ಎಲೆಗೊಬ್ಬರ ಹಾಕಿ ಸಾಕು, ಮಳೆನೀರು ಹಿಡಿದಿಡಿ ಅಂದರಂತೆ.

ಬೇಸಿಗೆ ಬಂತೆಂದರೆ ಬೆಟ್ಟದ್ದು ಇನ್ನೊಂದು ಕಾಟ. ಮಧುಗಿರಿ ಬೆಟ್ಟ ನೋಡಲು ಬಂದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅದರ ಬುಡದಲ್ಲಿ ಬದುಕುವವರಿಗೆ ಅದು ಹಗಲೆಲ್ಲ ಕಾದು ಸಂಜೆ ಮೈಮೇಲೆ ಉಸಿರು ಬಿಡುವ ಹೆಂಚು. ಗಿಡ ಬಾಡಬಾರದೆಂದು ಸಾವಿತ್ರಿಯ ಹಳೆಯ ಸೀರೆ ನೆರಳಿಗೆ ಕಟ್ಟಿದೆ. ಹಳೆಯದೆಂದು ನಾನಂದುಕೊಂಡದ್ದು. "ಜಾಗ ನಂದು, ನೀರು ನಂದು, ಈಗ ಸೀರೇನೂ ನಂದು. ಇನ್ನು ತಾಳಿ ಒಂದು ಕಟ್ಬುಡಿ, ಸವತಿ ಅಂತ ನಾನೂ ಒಪ್ಕೊಂಡ್ಬುಡ್ತೀನಿ" ಅಂದಳು. ಬೀದಿಯವರಿಗೆ ಜಬೊಟಿಕಾಬಾ ಎನ್ನಲು ನಾಲಿಗೆ ಹೊರಳದೆ "ಕಂಟ್ರೋಲರ್ ಗಿಡ" ಎಂದು ಹೆಸರಿಟ್ಟರು. ಕಿಂಡಿಯ ಮುಂದೆ ಬಸ್ಸಿನ ಜೊತೆ ಗಿಡದ ವಿಚಾರಣೆಯೂ ಶುರುವಾಯಿತು. "ಪಾವಗಡ ಬಸ್ ಬಂತಾ? ಹಣ್ಣು ಬಂತಾ?" ಎರಡಕ್ಕೂ ನಾನು "ಬರುತ್ತೆ, ಕೂತ್ಕೊಳ್ಳಿ" ಅನ್ನುತ್ತಿದ್ದೆ. ಪಾವಗಡದ ಬಸ್ಸಾದರೂ ಬರುತ್ತಿತ್ತು.

ವರ್ಷಗಳು ಹೋದವು. ಗಿಡ ನನ್ನ ಭುಜಕ್ಕೆ ಬಂತು, ತಲೆಗೆ ಬಂತು. ಸೀಬೆ ಮರದ ಹಾಗೆ ತೊಗಟೆ ಸುಲಿದುಕೊಳ್ಳುತ್ತದೆ ಅದು. ಸುಲಿಯುವ ಮೊದಲೇ ನಾನು ಉಗುರಿನಲ್ಲಿ ಎಬ್ಬಿಸಿ, ಕೆಳಗೆ ಮೊಗ್ಗೇನಾದರೂ ಕೂತಿದೆಯೇ ಎಂದು ನೋಡುತ್ತಿದ್ದೆ. ಎದ್ದ ಕೂಡಲೇ ಅದು, ಡ್ಯೂಟಿಗೆ ಹೋಗುವಾಗ ಅದು, ಬಂದು ಚಪ್ಪಲಿ ಬಿಡುವ ಮುಂಚೆ ಅದು. ಏನೂ ಇಲ್ಲ. ಕೊನೆಗೆ ಈ ವರ್ಷ ಮುಂಗಾರಿನ ಹೊತ್ತಿಗೆ ಸಾವಿತ್ರಿ ಬಚ್ಚಲಿಂದ ಏಳಲಾಗದೆ, ನಾನು ಹೋಗಿ ಎರಡೂ ಕಂಕುಳಿಗೆ ಕೈಕೊಟ್ಟು ಎಬ್ಬಿಸಬೇಕಾಯಿತು. ಬಯ್ಯಲಿಲ್ಲ ಅವಳು. ಸೀರೆ ನೆರಿಗೆ ಸರಿ ಮಾಡಿಕೊಂಡು ಮೆತ್ತಗೆ, "ಗೌರಿ ಹಬ್ಬದವರೆಗೂ ನೋಡ್ತೀನಿ ಕಣ್ರೀ. ಹಣ್ಣು ಬಂತೋ, ಸರಿ, ಕಲ್ಲನ್ನ ಯಾರಿಗಾದ್ರೂ ಕೊಟ್ಬುಡ್ತೀನಿ, ಇನ್ನು ಆ ಮಾತೇ ಎತ್ತಲ್ಲ. ಬರಲಿಲ್ವೋ, ನನ್ನ ತಮ್ಮ ಓಬಳೇಶನ ಕೈಲಿ ಹಾರೆ ತರಿಸ್ತೀನಿ. ಗಿಡ ಆಚೆ, ನಮ್ಮಪ್ಪನ ಕಲ್ಲು ಒಳಗೆ" ಅಂದಳು. ಅವಳು ಮೆತ್ತಗೆ ಮಾತಾಡಿದಳೆಂದರೆ ಅದು ತೀರ್ಮಾನ. ನಾನು ಒಪ್ಪಿಕೊಂಡೆ. ಅವಳು ಆ ಕಲ್ಲನ್ನು ಬಿಟ್ಟುಕೊಡಲೂ ತಯಾರಿದ್ದಳಲ್ಲ ಎಂದು ಎದೆಯಲ್ಲಿ ಚುರುಕ್ಕೆಂದಿತು.

ಆಷಾಢ ಮುಗಿಯುವ ಹೊತ್ತಿಗೆ ನಾಲ್ಕು ಮಳೆ ಚೆನ್ನಾಗಿ ಬಿದ್ದವು. ಸಾವಿತ್ರಿ ಪಾವಗಡದ ಕಡೆಯ ಕ್ಯಾತಗಾನಚೆರ್ಲಿನ ಅಕ್ಕನ ಮನೆಗೆ ಹೋಗಿದ್ದಳು. ಅವರ ಹೊಲದಲ್ಲಿ ಈಗ ಸೋಲಾರ್ ಹಲಗೆಗಳ ಸಾಲು. ಬಿತ್ತುವುದು ಕೀಳುವುದು ಏನೂ ಇಲ್ಲ, ಬಿಸಿಲು ಬಿದ್ದರೆ ಅದೇ ಬೆಳೆ. ಅವರ ಪುಣ್ಯ, ಕಿತ್ತು ನೋಡಲು ಅಲ್ಲಿ ಏನೂ ಇಲ್ಲ. ಆ ಬೆಳಿಗ್ಗೆ ನಾನು ಕನ್ನಡಕವಿಲ್ಲದೆ ಹಿತ್ತಲಿಗೆ ಹೋದವನು ಗಿಡ ನೋಡಿ ಬೆಚ್ಚಿಬಿದ್ದೆ. ಬುಡದಿಂದ ಕೊಂಬೆಯವರೆಗೆ ಕಾಂಡದ ಮೈತುಂಬ ಬೆಳ್ಳಗೆ, ಹತ್ತಿ ಅಂಟಿಸಿದ ಹಾಗೆ, ಏನೋ ಎದ್ದಿತ್ತು. ನಮ್ಮ ಸೀಮೆಯಲ್ಲಿ ದಾಳಿಂಬೆ ಬೆಳೆಯದವನೂ ದಾಳಿಂಬೆ ರೋಗದ ಹೆಸರೆಲ್ಲ ಬಲ್ಲ. ಟೀ ಅಂಗಡಿಯಲ್ಲಿ ಮಾತೇ ಅದು. ಗಿಡದ ಮೇಲೆ ಬೆಳ್ಳಗೆ ಕಂಡಿತೆಂದರೆ ಅದು ಹಿಟ್ಟುತಿಗಣೆ, ರಸ ಹೀರಿ ಗಿಡ ತೆಗೆಯುವ ಪೀಡೆ. ಮೊಬೈಲಿನಲ್ಲಿ ಫೋಟೊ ಹೊಡೆದು ಇಬ್ಬರಿಗೆ ಕಳಿಸಿದೆ. ಒಬ್ಬರು ಖಲೀಲ್ ಸಾಹೇಬರು. ಇನ್ನೊಬ್ಬ ಓಬಳೇಶ, ಸಾವಿತ್ರಿಯ ತಮ್ಮ, ಐ.ಡಿ.ಹಳ್ಳಿಯಲ್ಲಿ ದಾಳಿಂಬೆ ತೋಟ ಮಾಡಿದವನು, ರೋಗದ ವಿಷಯದಲ್ಲಿ ಡಾಕ್ಟರು.

ಖಲೀಲ್ ಸಾಹೇಬರ ಬಸ್ಸು ಆಗಷ್ಟೇ ಮಧುಗಿರಿ ಬಿಟ್ಟಿತ್ತು. ಶಿರಾ ನಿಲ್ದಾಣ ಮುಟ್ಟುವವರೆಗೆ ಅವರು ಫೋನು ಮುಟ್ಟುವುದಿಲ್ಲ. ಎಷ್ಟು ಹೊತ್ತಿಗೆ ಮುಟ್ಟುತ್ತಾರೆಂದು ಇಡೀ ತಾಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ತಿಳಿದವನು ಇನ್ನೊಬ್ಬನಿಲ್ಲ. ಅದನ್ನು ಮೈಕಿನಲ್ಲಿ ಕೂಗುವವನೇ ನಾನು. ಅಷ್ಟು ಹೊತ್ತು, ಒಂದು ಶಿರಾ ಬಸ್ಸಿನ ಹೊತ್ತು, ಕಾಫಿ ಕುಡಿದು ಪೇಪರು ಓದುವ ಹೊತ್ತು ನಾನು ಕೂತಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಓಬಳೇಶನ ಫೋನು ಬಂತು. "ಭಾವ, ಹಿಟ್ಟುತಿಗಣೆ ಅದು! ಅನುಮಾನಾನೇ ಇಲ್ಲ! ಇಂಗೆ ಬುಟ್ರೆ ವಾರದಾಗೆ ಗಿಡ ಹೋಯ್ತದೆ. ಈಗ್ಲೇ ತೆಂಗಿನ ನಾರು ತಕಂಡು ಎಲ್ಲಾ ಕೆರೆದು ಉದುರ್ಸಿ, ಮ್ಯಾಲೆ ಕೆಮ್ಮಣ್ಣು ಬಳ್ದುಬುಡಿ. ಔಷಧಿ ನಾನು ಭಾನುವಾರ ತತ್ತೀನಿ."

"ಈಗ್ಲೇ" ಎಂಬ ಮಾತು ನನ್ನ ಕಿವಿಗೆ ಬಿದ್ದರೆ ಸಾಕು, ಮುಂದಿನದು ಕೈ ನೋಡಿಕೊಳ್ಳುತ್ತದೆ. ತೆಂಗಿನ ನಾರು ಹಿಡಿದು, ನಮ್ಮ ಅಮ್ಮ ಹಿತ್ತಾಳೆ ಹಂಡೆ ಬೆಳಗುತ್ತಿದ್ದಳಲ್ಲ, ಹಾಗೆ ಉಜ್ಜಿದೆ. ಬೆಳ್ಳಗಿನದು ಉದುರುತ್ತ ಉದುರುತ್ತ ನನಗೆ ಹುರುಪು ಬಂತು. "ಬಾ, ನನ್ನ ಗಿಡಕ್ಕೇ ಬರ್ತೀಯಾ?" ಎಂದು ಒಂದೆರಡು ಬೈಗುಳವನ್ನೂ ಬೈದೆ. ಆಮೇಲೆ ಸಾವಿತ್ರಿ ಹಬ್ಬಕ್ಕೆಂದು ಇಟ್ಟಿದ್ದ ಕೆಮ್ಮಣ್ಣು ಕಲಸಿ ಬಳಿದೆ. ಗೋಡೆಯ ಕಡೆಗೆ ಮಾತ್ರ, ಒರಗಿಸಿದ್ದ ಕಲ್ಲಿನ ಸಂದಿಗೆ ನನ್ನ ಕೈ ತೂರಲಿಲ್ಲ. ಕಲ್ಲು ಜರುಗಿಸುವುದು ಒಬ್ಬನ ಕೆಲಸವಲ್ಲ, ಭಾನುವಾರ ಓಬಳೇಶ ಬಂದಾಗ ಅದನ್ನೂ ಮುಗಿಸಿದರಾಯಿತು ಎಂದು ಎದ್ದು ನಿಂತೆ. ಗಿಡ ದೇವಸ್ಥಾನದ ಗೋಡೆಯಂತೆ ಕೆಂಪಗೆ ನಿಂತಿತ್ತು. ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು. ಆಗ ಫೋನು ಹೊಡೆದುಕೊಂಡಿತು.

"ಮುಬಾರಕ್ ಸಾಹೇಬ್ರೆ! ಮುಬಾರಕ್!" ಖಲೀಲ್ ಸಾಹೇಬರ ದನಿಯ ಹಿಂದೆ ಶಿರಾ ನಿಲ್ದಾಣದ ಗದ್ದಲ. "ಏನ್ ಹೂವು ಬಂದೈತೆ ಸಾಹೇಬ್ರೆ, ಚಾಚಾ ಮರದಲ್ಲೂ ಮೊದಲನೇ ಸಲಕ್ಕೆ ಇಷ್ಟು ಬಂದಿರ್ಲಿಲ್ಲ! ಒಂದು ತಿಂಗಳು, ಅಷ್ಟೇ, ಡಬ್ಬಿ ತುಂಬಾ ಹಣ್ಣು. ಕೈ ಮಾತ್ರ ಹಾಕ್ಬೇಡಿ, ಬಹುತ್ ನಾಜೂಕ್ ಹೂವು ಅದು." ನಾನು ಕೆಂಪು ಕಾಂಡದ ಕಡೆ ತಿರುಗಿ ನೋಡಿದೆ. "ಹಲೋ? ಸಾಹೇಬ್ರೆ? ಸಿಗ್ನಲ್ ಇಲ್ವಾ?"

"ಸಿಗ್ನಲ್ ಇದೆ ಖಲೀಲ್ ಸಾಹೇಬ್ರೆ" ಅಂದೆ. "ಹೂವೇ ಇಲ್ಲ."

ಒಳಗೆ ಹೋಗಿ ಕನ್ನಡಕ ತಂದು ಹಾಕಿಕೊಂಡೆ. ಬುಡದ ಸುತ್ತ ಕೆಮ್ಮಣ್ಣಿನ ಕೆಸರಿನಲ್ಲಿ ಬಿದ್ದಿದ್ದವು, ಎಳೆಎಳೆಯಾದ ಸಣ್ಣ ಬಿಳಿ ಹೂಗಳು. ಒಂದನ್ನು ಅಂಗೈ ಮೇಲೆ ಇಟ್ಟು ಮೂಸಿದೆ. ಒಳ್ಳೆಯ ವಾಸನೆ. ಐದಾರು ವರ್ಷ ದಿನಕ್ಕೆ ಮೂರು ಸಲ ಯಾವುದನ್ನು ಹುಡುಕುತ್ತಿದ್ದೆನೋ ಅದು ತಾನಾಗಿ ಬಂದು ಎದುರು ನಿಂತಾಗ ತೆಂಗಿನ ನಾರಿನಲ್ಲಿ ಉಜ್ಜಿ ಕಳಿಸಿದ್ದೆ. ಅಳು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತೆ. ಆಮೇಲೆ ಅಳುವುದು ಸಾಕಾಗಿ ಓಬಳೇಶನಿಗೆ ಫೋನು ಮಾಡಿ ಬೈದೆ. "ಭಾನುವಾರ ಬರಬೇಡ, ನಿನ್ನ ಔಷಧಿ ನೀನೇ ಕುಡಿ" ಅಂದೆ. ಅವನು ಪಾಪ, "ನಂಗೇನ್ ಗೊತ್ತು ಭಾವ? ನಮ್ಮ ಕಡೆ ಬೊಡ್ಡೆ ಮ್ಯಾಲೆ ಬೆಳ್ಳಗೆ ಕಂಡ್ರೆ ಯಾರೂ ಕೈ ಮುಗಿಯಾಕಿಲ್ಲ, ಕೆರೀತಾರೆ" ಅಂದ. ಅದೂ ನಿಜವೇ.

ಸಾವಿತ್ರಿ ಬಂದಳು. ದೃಷ್ಟಿ ತಾಕಬಾರದೆಂದು ಕೆಮ್ಮಣ್ಣು ಬಳಿದೆ ಎಂಬ ಒಂದು ಸುಳ್ಳನ್ನು ಮೂರು ದಿನದಿಂದ ಪಾಲಿಷ್ ಮಾಡಿ ಇಟ್ಟುಕೊಂಡಿದ್ದೆ. ಅವಳ ಮುಖ ನೋಡಿದಾಗ ಅದು ಹೊರಡಲಿಲ್ಲ. ಎಲ್ಲ ಹೇಳಿದೆ. "ಗೌರಿ ಹಬ್ಬದವರೆಗೆ ಯಾಕೆ ಕಾಯಬೇಕು, ಹಾರೆ ಈಗಲೇ ತರಿಸು, ತಪ್ಪು ನನ್ನದೇ" ಅಂದೆ. ಅವಳು ಚೀಲವನ್ನು ಕೆಳಗಿಟ್ಟು, "ತೋವಿನಕೆರೆಯವರು ನೀವು. ಹಲಸಿನ ಮರದ ಕೆಳಗೇ ಹುಟ್ಟಿದವರು. ಕಾಯಿ ಬೊಡ್ಡೇಲಿ ಬಿಟ್ರೆ ಹೂವೂ ಬೊಡ್ಡೇಲೇ ಬರ್ಬೇಕು ಅಂತ ಹೊಳೀಲಿಲ್ವಾ?" ಎಂದಳು. ಹೊಳೆಯಲಿಲ್ಲ. "ನೀವು ಒಳಗಿರಿ, ಆ ಕೆಮ್ಮಣ್ಣು ನಾನು ತೊಳೆದು ಬರ್ತೀನಿ" ಎಂದು ಹಿತ್ತಲಿಗೆ ಹೋದಳು. ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖದಲ್ಲಿ ಏನೂ ಇರಲಿಲ್ಲ. "ಇವತ್ತಿಂದ ಹಬ್ಬದವರೆಗೂ ನೀವು ಹಿತ್ತಲಿಗೆ ಕಾಲಿಡೋ ಹಾಗಿಲ್ಲ" ಅಂದಳು.

"ಯಾಕೆ?"

"ಯಾಕೆ ಅಂದ್ರೆ? ಇಡಬೇಡಿ ಅಂದ್ರೆ ಇಡಬೇಡಿ."

ಶಿಕ್ಷೆ ಎಂದುಕೊಂಡು ಒಪ್ಪಿಕೊಂಡೆ. ಆದರೆ ಶಿಕ್ಷೆಯೆಂದರೆ ಏನೆಂದು ಆ ತಿಂಗಳು ತಿಳಿಯಿತು. ಮುಂಚೆ ಎದ್ದ ಕೂಡಲೇ ಹಿತ್ತಲಿಗೆ ಹೋಗುತ್ತಿದ್ದ ಕಾಲುಗಳು ಈಗ ಅಡುಗೆಮನೆಯ ಬಾಗಿಲವರೆಗೆ ಹೋಗಿ ತಿರುಗುತ್ತಿದ್ದವು. ಹಾಲ್, ಬಾಗಿಲು, ಹಾಲ್, ಬಾಗಿಲು. "ಒಂದ್ಕಡೆ ಕೂತ್ಕೊಳ್ಳಿ, ನನಗೇ ತಲೆ ತಿರುಗುತ್ತೆ" ಅನ್ನುತ್ತಿದ್ದಳು. ಹಿತ್ತಲ ಕಿಟಕಿಗೆ ಅವಳೇ ಒಂದು ಸೀರೆ ಕಟ್ಟಿದಳು. ಗಿಡದ ಕಡೆಗೆ ಫಿಲ್ಟರ್ ನೀರಿನ ಬಿಂದಿಗೆ ಹೊರುವುದೂ ಒಂದೆರಡು ಸಲ ಕಣ್ಣಿಗೆ ಬಿತ್ತು. ಕೇಳಿದರೆ, "ಹೋಗೋರಿಗೆ ಕೊನೇಲಿ ಬಾಯಿಗೆ ನೀರು ಬಿಡಬೇಡ್ವಾ?" ಅಂದಳು. ಬಸ್ ನಿಲ್ದಾಣದಲ್ಲಿ ಪಾವಗಡದ ಬಸ್ಸನ್ನು ಶಿರಾ ಬಸ್ಸೆಂದು ಮೈಕಿನಲ್ಲಿ ಕೂಗಿದೆ. ಹತ್ತಿದವರೆಲ್ಲ ಇಳಿದು ಬಂದು ಕಿಂಡಿಗೆ ಮುತ್ತಿಗೆ ಹಾಕಿದರು.

ಗೌರಿ ಹಬ್ಬದ ದಿನ ಓಬಳೇಶ ಬಂದ. ತವರಿನ ಬಾಗಿನ ತಮ್ಮನೇ ತರಬೇಕು. ಒಂದು ಕೈಯಲ್ಲಿ ಬಳೆ, ರವಿಕೆ ಕಣ, ಬಾಳೆಹಣ್ಣಿನ ಚೀಲ. ಇನ್ನೊಂದು ಕೈಯಲ್ಲಿ ಹಾರೆ. ನನ್ನ ಮುಖ ನೋಡಲಾರದೆ, "ಅಕ್ಕ ಫೋನ್ ಮಾಡಿ ತತ್ತಾ ಅಂದ್ಲು ಭಾವ, ನಾನೇನ್ ಮಾಡ್ಲಿ" ಎಂದು ಹಾರೆಯನ್ನು ಬಾಗಿಲ ಮೂಲೆಗೆ ಇಟ್ಟ. ಅದು ನೆಲಕ್ಕೆ ತಾಗಿದ ಟಣ್ಣೆಂಬ ಸದ್ದು ನನ್ನ ಎದೆಗೇ ತಾಗಿತು. ಪೂಜೆಯಾಯಿತು. ಒಬ್ಬಟ್ಟು ಬಡಿಸಿದಳು. ಊಟವಾದ ಮೇಲೆ ಸಾವಿತ್ರಿ ಹಿತ್ತಲಿಗೆ ಹೋಗಿ, ಒಂದು ತಟ್ಟೆಗೆ ಬಾಳೆಲೆ ಮುಚ್ಚಿ ತಂದು, ತಮ್ಮನ ಮುಂದೆ ಇಟ್ಟು ಎಲೆ ತೆಗೆದಳು. ಕಪ್ಪಗೆ, ದುಂಡಗೆ, ಗೋಲಿಯಂತೆ ಹೊಳೆಯುವ ಹಣ್ಣು.

"ತಿನ್ನೋ ಓಬಳೇಶ" ಅಂದಳು. "ನಿನ್ನ ಹಿಟ್ಟುತಿಗಣೆ."

ಓಬಳೇಶ ನನ್ನನ್ನು ನೋಡಿದ, ನಾನು ತಟ್ಟೆಯನ್ನು ನೋಡಿದೆ. ಅವನು ಹೆದರುತ್ತ ಒಂದನ್ನು ಬಾಯಿಗೆ ಹಾಕಿಕೊಂಡ. ಟಪ್ಪೆಂದಿತು. ಕಣ್ಣು ಅರಳಿತು. "ಅಯ್ಯೋ ದೇವುಡಾ, ಇದನ್ನಾ ಭಾವ ನಾವು ಕೆರೆದಿದ್ದು?" ಅಂದ. "ನಾವು" ಅಂದನಲ್ಲ, ಅವನ ಮೇಲಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ಎದ್ದು ಹಿತ್ತಲಿಗೆ ಓಡಿದೆ. ಈ ಸಲ ಸಾವಿತ್ರಿ ತಡೆಯಲಿಲ್ಲ. ನಾನು ಉಜ್ಜಿದ ಕಡೆಯೆಲ್ಲ ಕಾಂಡ ಬೋಳು. ಗೋಡೆಯ ಕಡೆ, ಒರಗಿಸಿದ ಕಲ್ಲಿಗೆ ಎದುರಾಗಿ, ನನ್ನ ಕೈ ತೂರದ ಆ ಸಂದಿಯಲ್ಲಿ, ಬುಡದಿಂದ ಕವಲಿನವರೆಗೆ ಕಪ್ಪು ಮಣಿ ಪೋಣಿಸಿದಂತೆ ಹಣ್ಣು.

"ನೋಡಿ" ಅಂದಳು ಹಿಂದಿನಿಂದ ಸಾವಿತ್ರಿ. "ನಿಮ್ಮ ಕೈ ಮುಟ್ಟದ ಕಡೆಯೆಲ್ಲ ಬಿಟ್ಟಿದೆ."

ಕೆಮ್ಮಣ್ಣು ತೊಳೆಯಲು ಹೋದ ದಿನವೇ ಅವಳು ಕಂಡಿದ್ದಳಂತೆ. "ಮೊದಲೇ ಹೇಳಬಾರದಿತ್ತಾ? ಒಂದು ತಿಂಗಳು ನನ್ನ ಪ್ರಾಣ ಹೋಯಿತು" ಅಂದೆ. "ಹೇಳಿದ್ರೆ ಹಣ್ಣಾಯ್ತಾ, ಹಣ್ಣಾಯ್ತಾ ಅಂತ ದಿನಾ ಹಿಸುಕಿ ನೋಡ್ತಿದ್ರಿ. ಊರಿಗೆಲ್ಲ ಬರುತ್ತೆ ಕೂತ್ಕೊಳ್ಳಿ ಅಂತ ಹೇಳೋರು ನೀವು. ನಿಮಗೆ ಹೇಳೋರು ಯಾರು?" ಅಂದಳು. ಆಮೇಲೆ, "ಮೊದಲನೇ ಹಣ್ಣು ತಿನ್ಬೇಕು ಅಂತ ನನಗೂ ಆಸೆ ಇತ್ತು ಕಣ್ರೀ. ಅದಕ್ಕೇ ನಾನು ಬೆಳಿಗ್ಗೇನೇ ತಿಂದ್ಬುಟ್ಟೆ" ಅಂದಳು. ಇಷ್ಟು ವರ್ಷ ಗಿಡಕ್ಕೆ ಬೈದದ್ದೆಲ್ಲ ಬಾಯಿಮಾತು ಎಂದು ನನಗೆ ಆಗ ತಿಳಿಯಿತು. ತಟ್ಟೆಯಲ್ಲಿ ನನ್ನ ಪಾಲೂ ಇತ್ತು. ಸಿಹಿಯಾಗಿತ್ತು. ಸಬರ್ ಮಾಡಿದವಳು ಅವಳು, ಫಲ್ ತಿಂದವನು ನಾನು.

ಇನ್ನು ಒಪ್ಪಂದ ಏನಾಯಿತೆಂದು ಕೇಳುತ್ತೀರಿ. ಹಣ್ಣು ಬಂದದ್ದರಿಂದ ಗಿಡ ಗೆದ್ದಿತು. ಹಣ್ಣು ಉಳಿಸಿದ್ದು ಕಲ್ಲಾದ್ದರಿಂದ ಕಲ್ಲೂ ಗೆದ್ದಿತು. ಸೋತವನು ಒಬ್ಬನೇ, ಅವನು ಯಾರೆಂದು ಹೇಳಬೇಕಾಗಿಲ್ಲ. ಓಬಳೇಶನ ಹಾರೆ ಆವತ್ತೇ ಕೆಲಸಕ್ಕೆ ಬಂತು. ತುಳಸಿಕಟ್ಟೆಯನ್ನು ಮೂಲೆಗೆ ಸರಿಸಿ, ಗಿಡಕ್ಕೆ ಎರಡು ಮೊಳ ದೂರದಲ್ಲಿ, ಸೋಪಿನ ನೀರು ಬಾಳೆಯ ಬುಡಕ್ಕೆ ಹರಿಯುವಂತೆ ಕಾಲುವೆ ತೋಡಿ ಕಲ್ಲನ್ನು ನಿಲ್ಲಿಸಿದೆವು. ಸಾವಿತ್ರಿ ಅದರ ಮೇಲೆ ಕೈಯಾಡಿಸಿ, ಅವರಪ್ಪ ನೋಡಿಟ್ಟ ಎತ್ತರವನ್ನು ಇನ್ನೊಮ್ಮೆ ನೋಡಿ, ಬಚ್ಚಲಿನ ಬಕೆಟ್ಟು ತಂದು ನನ್ನ ಮುಂದೆ ಇಟ್ಟಳು. "ಇನ್ಮೇಲೆ ಒಗೆಯೋದು ನೀವು. ಐದಾರು ವರ್ಷದ ನನ್ನ ಸೊಂಟದ ಬಾಕಿ ಅಂತ ಅಲ್ಲ. ಈ ಗಿಡದ ಹತ್ತಿರ ನಿಮ್ಮ ಕೈ ಖಾಲಿ ಇರಬಾರದು" ಅಂದಳು.

ಈಗ ಬೆಳಿಗ್ಗೆ ಎದ್ದವನು ಪಂಚೆ ಎತ್ತಿ ಕಟ್ಟಿ ಕಲ್ಲಿನ ಮುಂದೆ ನಿಲ್ಲುತ್ತೇನೆ. ಬೀದಿಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಕಂಟ್ರೋಲರ್ರೇ, ಬಟ್ಟೆ ಬಂತಾ?" ಅನ್ನುತ್ತಾರೆ. ನನಗೆ ಬೇಜಾರಿಲ್ಲ. ಒಗೆಯುತ್ತ ಒಗೆಯುತ್ತ ಗಿಡ ನೋಡಬಹುದು, ನೋಡುವುದಕ್ಕೆ ಅಡ್ಡಿಯಿಲ್ಲ. ಮೊನ್ನೆ ಒಂದು ಜೋರು ಮಳೆ ಹೋಯಿತು. ಇವತ್ತು ಬೆಡ್‌ಶೀಟು ಎತ್ತಿ ಬಡಿಯುವಾಗ, ನಾನು ಉಜ್ಜಿ ಬೋಳು ಮಾಡಿದ ಕಡೆಯೇ, ಕಣ್ಣಿನ ಮಟ್ಟಕ್ಕೆ, ಏನೋ ಬೆಳ್ಳಗೆ ಕಂಡಿತು. ಮೊಗ್ಗು ಇರಬಹುದೇ? ಇಲ್ಲ, ಸೋಪಿನ ನೊರೆ ಹಾರಿ ಕೂತಿದೆಯೇ? ಕನ್ನಡಕ ಒಳಗಿದೆ. ಕಾದು ನೋಡಿದರೆ ತಿಳಿಯುತ್ತದೆ, ನೊರೆಯಾದರೆ ಒಣಗುತ್ತದೆ, ಮೊಗ್ಗಾದರೆ ಇರುತ್ತದೆ. ನನಗೆ ಎಲ್ಲ ಗೊತ್ತು. ಒಂದೇ ಒಂದು ಸಲ, ಬೆರಳ ತುದಿಯಲ್ಲಿ, ಹೀಗೆ ಮೆಲ್ಲಗೆ ಒರೆಸಿ ನೋಡಿದರೆ ಏನಾಗುತ್ತದೆ ಎಂದು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಬೆರಳು ಚಾಚಿದೆ.

ಅಡುಗೆಮನೆಯ ಕಿಟಕಿಯೊಳಗಿಂದ ದನಿ ಬಂತು:

"ಕೈ!"